ಕೈಗೆ ಕಸುಬು ಕೊಟ್ಟು ಮನಸ್ಸಿಗೆ ಬೀಗ ಹಾಕಬೇಡಿ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಬಳಿಕ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಭಾನುವಾರದ ಬಲಿಪೂಜೆಯ ನಂತರ ಮಕ್ಕಳಿಗಾಗಿ ಒಂದು ಮಾರ್ಗದರ್ಶನ ಸಭೆ ನಡೆಯುವುದು ವಾಡಿಕೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಸಭೆಯಲ್ಲಿ ನಾನೂ ಕುಳಿತಿದ್ದೆ. ಅತಿಥಿಯಾಗಿ ಬಂದಿದ್ದ ಹಿರಿಯರು ಒಬ್ಬೊಬ್ಬ ಮಗುವನ್ನೂ ಎಬ್ಬಿಸಿ, "ಮುಂದೇನು ಓದುತ್ತೀಯ?" ಎಂದು ಕೇಳುತ್ತಿದ್ದರು. ತೊಂಬತ್ತರ ಮೇಲೆ ಅಂಕ ಪಡೆದವರು "ವಿಜ್ಞಾನ" ಎಂದಾಗ ಚಪ್ಪಾಳೆ. ಎಪ್ಪತ್ತರ ಆಸುಪಾಸಿನವರು "ವಾಣಿಜ್ಯ" ಎಂದಾಗ ಮೆಚ್ಚುಗೆಯ ತಲೆದೂಗು. ಕಡೆಗೆ, ಗಾರೆ ಕೆಲಸ ಮಾಡುವವರೊಬ್ಬರ ಮಗಳು ಎದ್ದು ನಿಂತು, "ಇತಿಹಾಸ ಓದಬೇಕು ಸರ್" ಎಂದಳು. ಸಭಾಂಗಣದಲ್ಲಿ ಸಣ್ಣಗೆ ನಗೆ ಹರಿದಾಡಿತು. ಅತಿಥಿಗಳು ನಗಲಿಲ್ಲ. ಕನಿಕರದಿಂದಲೇ ಹೇಳಿದರು: "ಮಗಳೇ, ಇತಿಹಾಸ, ಸಾಹಿತ್ಯ ಇವೆಲ್ಲ ಹೊಟ್ಟೆ ತುಂಬಿದವರ ಓದು. ನಿನ್ನಂಥವರಿಗೆಂದೇ ಸಮುದಾಯ ಕಾಲೇಜುಗಳಿವೆ. ಆರು ತಿಂಗಳಲ್ಲಿ ಒಂದು ಕಸುಬು ಕಲಿತುಕೋ. ಅಪ್ಪನಿಗೆ ಆಸರೆಯಾಗು." ಹಿಂದೆ ಗೋಡೆಗೆ ಒರಗಿ ನಿಂತಿದ್ದ ಆಕೆಯ ತಂದೆ ಕೈಮುಗಿದು ಹೌದೆಂದರು. ಹುಡುಗಿ ಕುಳಿತಳು. ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸವನ್ನೇ ಬೋಧಿಸಿದ ನಾನು ಬಾಯಿ ತೆರೆಯಲಿಲ್ಲ.

ಅಂದಿನ ನನ್ನ ಮೌನಕ್ಕೆ ಇಂದು ಈ ಲೇಖನದ ಮೂಲಕ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದೇನೆ. ಆ ಮಾತು ಆಡಿದವರು ಕೆಟ್ಟವರಲ್ಲ. ಎಷ್ಟೋ ಬಡ ಮಕ್ಕಳ ಶುಲ್ಕವನ್ನು ಸದ್ದಿಲ್ಲದೆ ಕಟ್ಟಿದವರು. ಆದುದರಿಂದಲೇ ಈ ವಿಷಯ ಗಂಭೀರವಾದುದು. ಬಡವರನ್ನು ಕೀಳಾಗಿ ಕಾಣುವವರು ಅವರಿಗೆ ವಿದ್ಯೆ ಬೇಡವೆಂದರೆ ನಾವು ಎದುರು ನಿಲ್ಲುತ್ತೇವೆ. ಬಡವರನ್ನು ಪ್ರೀತಿಸುವವರೇ ಅವರಿಗೆ ಇಷ್ಟು ವಿದ್ಯೆ ಸಾಕೆಂದು ಸೇರಿನಲ್ಲಿ ಅಳೆದುಕೊಟ್ಟರೆ ನಾವು ತಲೆಯಾಡಿಸುತ್ತೇವೆ. ಹಾಗೆ ಅಳೆದುಕೊಡುವ ಅಧಿಕಾರ ನಮಗಿಲ್ಲವೆಂಬುದೇ ನನ್ನ ವಾದ. ಸಮುದಾಯ ಕಾಲೇಜು ಎಂಬುದು ಬಡವರ ಮಕ್ಕಳಿಗೆ ಕಸುಬು ಕಲಿಸುವ ಶೆಡ್ಡು ಮಾತ್ರವಲ್ಲ. ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರ, ವಿಜ್ಞಾನಗಳನ್ನು ಅವರ ಬಾಗಿಲಿಗೆ ತಂದು ನಿಲ್ಲಿಸುವುದಕ್ಕಾಗಿಯೇ ಅದು ಹುಟ್ಟಿದ್ದು. ಅದರ ಒಂದು ಅರ್ಧವನ್ನು ನಾವು ತಂದುಕೊಂಡೆವು, ಇನ್ನೊಂದು ಅರ್ಧವನ್ನು ದಾರಿಯಲ್ಲೇ ಬಿಟ್ಟೆವು.

ಅತಿಥಿಗಳು "ಸಮುದಾಯ ಕಾಲೇಜು" ಎಂಬ ಹೆಸರನ್ನು ಎತ್ತಿದ್ದರಿಂದ ಆ ಹೆಸರಿನ ತವರೂರಿಗೆ ಒಮ್ಮೆ ಹೋಗಿಬರೋಣ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಜೋಲಿಯೆಟ್ ಎಂಬ ಊರಿದೆ. ಒಂದು ಕಾಲಕ್ಕೆ ಸುಣ್ಣಕಲ್ಲಿನ ಗಣಿಗಳಿಗೂ ಉಕ್ಕಿನ ಕಾರ್ಖಾನೆಗಳಿಗೂ ಹೆಸರಾಗಿದ್ದ ಊರು. 1901ರಲ್ಲಿ ಅಲ್ಲಿನ ಪ್ರೌಢಶಾಲೆಯ ಮುಖ್ಯಸ್ಥರಾದ ಜೆ. ಸ್ಟಾನ್ಲಿ ಬ್ರೌನ್ ಅವರೂ ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷರಾದ ವಿಲಿಯಂ ರೇನಿ ಹಾರ್ಪರ್ ಅವರೂ ಕೂಡಿ ಒಂದು ಪ್ರಯೋಗಕ್ಕೆ ಕೈಹಾಕಿದರು. ಊರು ಬಿಟ್ಟು ವಿಶ್ವವಿದ್ಯಾಲಯಕ್ಕೆ ಹೋಗಲಾರದ ಮಕ್ಕಳಿಗೆ ವಿಶ್ವವಿದ್ಯಾಲಯದ ಮೊದಲ ಎರಡು ವರ್ಷಗಳ ಪಾಠವನ್ನು ಅವರ ಊರಿನ ಪ್ರೌಢಶಾಲೆಯಲ್ಲೇ ಕಲಿಸುವುದು ಆ ಪ್ರಯೋಗ. ಮೊದಲ ವರ್ಷ ಸೇರಿದವರು ಆರೇ ಮಂದಿ. ಇಂದು ಆ ದೇಶದಲ್ಲಿ ಅಂಥ ಕಾಲೇಜುಗಳು ಸುಮಾರು ಒಂದು ಸಾವಿರ ಇವೆ. ಗಮನಿಸಿ: ಅವು ಹುಟ್ಟಿದ್ದು ಕಸುಬಿನ ಶಾಲೆಯಾಗಿ ಅಲ್ಲ, ವಿಶ್ವವಿದ್ಯಾಲಯದ ಪಾಠವನ್ನು ಊರಿಗೆ ತರುವ ಸಾಧನವಾಗಿ. ಕಸುಬಿನ ತರಬೇತಿ ಅವುಗಳಲ್ಲಿ ದೊಡ್ಡ ಸ್ಥಾನ ಪಡೆದದ್ದು ಅನಂತರ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಉನ್ನತ ಶಿಕ್ಷಣದ ಬಗ್ಗೆ ಒಂದು ಆಯೋಗ ನೇಮಿಸಿದರು. 1947ರ ಡಿಸೆಂಬರಿನಲ್ಲಿ ಅದರ ವರದಿ ಹೊರಬರತೊಡಗಿತು. ಬಣ್ಣ, ಧರ್ಮ, ತಂದೆಯ ಸಂಪಾದನೆ ಇವುಗಳಿಂದಾಗಿ ಯುವಜನರ ಓದು ನಿಲ್ಲುತ್ತಿರುವುದನ್ನು ಆಯೋಗ ಕಟುವಾಗಿ ಖಂಡಿಸಿತು. ಪ್ರೌಢಶಾಲೆಯ ಶಿಕ್ಷಣದಂತೆಯೇ ಹದಿನಾಲ್ಕನೆಯ ವರ್ಷದವರೆಗಿನ ಶಿಕ್ಷಣವೂ ಎಲ್ಲರಿಗೂ ಶುಲ್ಕವಿಲ್ಲದೆ ದೊರೆಯಬೇಕು, ಅದಕ್ಕಾಗಿ ಊರೂರಿನಲ್ಲಿ ಕಾಲೇಜುಗಳು ಏಳಬೇಕು ಎಂದು ಅದು ಶಿಫಾರಸು ಮಾಡಿತು. "ಸಮುದಾಯ ಕಾಲೇಜು" ಎಂಬ ಹೆಸರು ನೆಲೆಯೂರಿದ್ದು ಆ ವರದಿಯಿಂದ. ದುಡಿಮೆಗೆ ತಯಾರಿ ಎಷ್ಟು ಮುಖ್ಯವೋ, ಪ್ರಜೆಯಾಗಿ ಬಾಳುವುದಕ್ಕೆ ಬೇಕಾದ ಸಾಮಾನ್ಯ ಶಿಕ್ಷಣವೂ ಅಷ್ಟೇ ಮುಖ್ಯವೆಂಬುದು ಆ ವರದಿಯ ಜೀವಾಳವಾಗಿತ್ತು. ಹಿಟ್ಲರನ ಜರ್ಮನಿಯಲ್ಲಿ ಕೆಲಸ ಬಲ್ಲವರಿಗೆ ಬರವಿರಲಿಲ್ಲವೆಂಬುದನ್ನು ಆ ತಲೆಮಾರಿನವರು ಕಣ್ಣಾರೆ ಕಂಡಿದ್ದರು.

ಅಲ್ಲಿನ ಸಮುದಾಯ ಕಾಲೇಜಿನಲ್ಲಿ ಲಿಬರಲ್ ಆರ್ಟ್ಸ್ ಅಥವಾ ಸಾಮಾನ್ಯ ಅಧ್ಯಯನ ಆರಿಸಿಕೊಂಡ ವಿದ್ಯಾರ್ಥಿ ಏನು ಓದುತ್ತಾನೆ? ಎರಡು ವರ್ಷಗಳಲ್ಲಿ ಸುಮಾರು ಅರುವತ್ತು ಕ್ರೆಡಿಟ್‌ಗಳಷ್ಟು ಪಾಠ. ತನ್ನ ಮಾತನ್ನು ಸ್ಪಷ್ಟವಾಗಿ ಬರೆಯುವ, ವಾದ ಹೂಡುವ ಅಭ್ಯಾಸ. ಗಣಿತ ಅಥವಾ ಸಂಖ್ಯಾಶಾಸ್ತ್ರ. ಪ್ರಯೋಗಾಲಯ ಸಹಿತವಾದ ಒಂದು ವಿಜ್ಞಾನ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರಗಳಲ್ಲಿ ಕೆಲವು. ಸಾಹಿತ್ಯ, ತತ್ತ್ವಶಾಸ್ತ್ರ, ಕಲೆ, ಸಂಗೀತಗಳಲ್ಲಿ ಕೆಲವು. ಕೊನೆಗೆ ಅಸೋಸಿಯೇಟ್ ಎಂಬ ಪದವಿ. ಬೇಕಾದವರು ಅದನ್ನು ಹಿಡಿದು ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರಬಹುದು. ಹಗಲೆಲ್ಲ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ದುಡಿದು ಸಂಜೆ ತರಗತಿಗೆ ಬರುವವರು, ಮಕ್ಕಳನ್ನು ಮಲಗಿಸಿ ಪುಸ್ತಕ ತೆರೆಯುವ ತಾಯಂದಿರು, ಈಚೆಗೆ ವಲಸೆ ಬಂದವರು, ಇಂಥವರೆಲ್ಲ ಅಲ್ಲಿ ಕುಳಿತು ಓದುತ್ತಾರೆ. ಆ ದೇಶದಲ್ಲಿ ವರ್ಷಂಪ್ರತಿ ನೀಡಲಾಗುವ ಅಸೋಸಿಯೇಟ್ ಪದವಿಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪದವಿಗಳು ಈ ವಿಭಾಗದವೇ. ಜಿಲ್ ಬೈಡನ್ ಅವರು ಪತಿ ಉಪಾಧ್ಯಕ್ಷರಾಗಿದ್ದಾಗಲೂ ಅನಂತರ ಅಧ್ಯಕ್ಷರಾಗಿದ್ದಾಗಲೂ ವರ್ಜೀನಿಯಾದ ಒಂದು ಸಮುದಾಯ ಕಾಲೇಜಿನಲ್ಲಿ ಇಂಗ್ಲಿಷ್ ಬರವಣಿಗೆ ಕಲಿಸುತ್ತಿದ್ದರು. 2024ರ ಕೊನೆಗೆ ಆ ಕಾಲೇಜಿನಿಂದ ನಿವೃತ್ತರಾದರು. ಖ್ಯಾತ ನಟ ಟಾಮ್ ಹ್ಯಾಂಕ್ಸ್ ಕ್ಯಾಲಿಫೋರ್ನಿಯಾದ ಚಾಬೋ ಕಾಲೇಜೆಂಬ ಸಮುದಾಯ ಕಾಲೇಜಿನಲ್ಲಿ ಓದಿದವರು. ತಮ್ಮನ್ನು ರೂಪಿಸಿದ್ದು ಆ ಎರಡು ವರ್ಷಗಳೆಂದು ಅವರು 2015ರಲ್ಲಿ ಬರೆದರು.

ಇನ್ನು "ಲಿಬರಲ್" ಎಂಬ ಪದದ ಮಾತು. ಕನ್ನಡದಲ್ಲಿ ಇದನ್ನು "ಉದಾರ" ಎಂದು ಅನುವಾದಿಸಿ ಅರ್ಥವನ್ನೇ ಕಳೆದುಕೊಳ್ಳುತ್ತೇವೆ. ಅದರ ಮೂಲ ಲ್ಯಾಟಿನ್ನಿನ "ಲಿಬರ್". ಸ್ವತಂತ್ರನಾದವನು ಎಂದು ಅದರ ಅರ್ಥ. ಗುಲಾಮನಲ್ಲದ ಮನುಷ್ಯನಿಗೆ ತಕ್ಕ ವಿದ್ಯೆಯೇ ಲಿಬರಲ್ ವಿದ್ಯೆ. ಮಧ್ಯಯುಗದ ಕ್ರೈಸ್ತ ವಿದ್ಯಾಲಯಗಳು ಅದನ್ನು ಏಳು ಕಲೆಗಳಾಗಿ ಕಲಿಸಿದವು: ವ್ಯಾಕರಣ, ತರ್ಕ, ವಾಕ್ಕಲೆ ಎಂಬ ಮೂರು, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳವಿಜ್ಞಾನ ಎಂಬ ನಾಲ್ಕು. ಆದರೆ ಪ್ರಾಚೀನ ಗ್ರೀಸ್ ಮತ್ತು ರೋಮಿನಲ್ಲಿ ಈ ವಿದ್ಯೆಯ ಬಾಗಿಲು ದುಡಿಯುವ ಕೈಗಳಿಗೆ ಬಹುಮಟ್ಟಿಗೆ ಮುಚ್ಚಿತ್ತು. ಒಡೆಯನಿಗೆ ಚಿಂತನೆ, ಆಳಿಗೆ ಕೆಲಸ ಎಂಬುದು ಆ ವ್ಯವಸ್ಥೆ. ನಮ್ಮ ನಾಡಿನಲ್ಲೂ ಇಂಥವರು ಓದಬಹುದು, ಇಂಥವರು ಓದಬಾರದು ಎಂಬ ಕಟ್ಟಳೆ ಎಷ್ಟು ತಲೆಮಾರುಗಳನ್ನು ಕತ್ತಲಲ್ಲಿಟ್ಟಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕಲ್ಲುಗಣಿಯವನ ಮಗ, ಕಾರ್ಖಾನೆಯವನ ಮಗಳು ಸಂಜೆ ಆರು ಗಂಟೆಗೆ ತತ್ತ್ವಶಾಸ್ತ್ರದ ತರಗತಿಯಲ್ಲಿ ಕುಳಿತಾಗ ಆ ಹಳೆಯ ಬೇಲಿ ಮುರಿಯಿತು. ಈಗ ನಾವು "ನಿನ್ನಂಥವರಿಗೆ ಕಸುಬು ಸಾಕು" ಎಂದಾಗ ಯಾವ ಬೇಲಿಯನ್ನು ಮತ್ತೆ ಕಟ್ಟುತ್ತಿದ್ದೇವೆ? ಸ್ವಲ್ಪ ಯೋಚಿಸಿ.

ಸಮುದಾಯ ಕಾಲೇಜನ್ನು ಭಾರತಕ್ಕೆ ತಂದವರಲ್ಲಿ ನಮ್ಮ ಧರ್ಮಸಭೆ ಮುಂದಿನ ಸಾಲಿನಲ್ಲಿತ್ತೆಂಬುದು ಹೆಮ್ಮೆಯ ಸಂಗತಿ. 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ ಇಂಥ ಮೊದಲ ಕಾಲೇಜನ್ನು ತೆರೆಯಿತು. 1996ರಲ್ಲಿ ಮದ್ರಾಸ್-ಮೈಲಾಪುರ ಮಹಾಧರ್ಮಪ್ರಾಂತ್ಯ ಮದ್ರಾಸ್ ಸಮುದಾಯ ಕಾಲೇಜನ್ನು ಆರಂಭಿಸಿತು. ಯೇಸುಸಭೆಯ ಗುರುಗಳು ಚೆನ್ನೈಯಲ್ಲಿ ಒಂದು ಕೇಂದ್ರ ಸ್ಥಾಪಿಸಿ ಈ ವಿಚಾರವನ್ನು ದೇಶದ ನಾನಾ ಕಡೆಗಳಿಗೆ ಒಯ್ದರು. ಮುಂದೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವೂ, ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವೂ ಇದೇ ಹೆಸರಿನ ಯೋಜನೆಗಳನ್ನು ರೂಪಿಸಿದವು. ಶಾಲೆ ಬಿಟ್ಟವರು, ಅನುತ್ತೀರ್ಣರಾದವರು, ದಲಿತರು, ಬಡ ಮಹಿಳೆಯರು ಇಂಥ ಕಾಲೇಜುಗಳಿಂದ ಕಸುಬು ಕಲಿತು ಸಂಸಾರ ನಡೆಸುತ್ತಿದ್ದಾರೆ. ಈ ಉಪಕಾರವನ್ನು ಸಣ್ಣದೆಂದು ಹೇಳುವವನು ನಾನಲ್ಲ. ಕೆಲಸವಿಲ್ಲದ ಮನೆಯ ಸಂಕಟ ಏನೆಂದು ನಮ್ಮಲ್ಲಿ ಬಹುಜನರಿಗೆ ಗೊತ್ತು.

ಆದರೆ ಆ ಕಾಲೇಜುಗಳ ವೇಳಾಪಟ್ಟಿಯನ್ನು ಒಮ್ಮೆ ಕೈಗೆತ್ತಿಕೊಂಡು ಓದಿನೋಡಿ. ಹೊಲಿಗೆ, ರೋಗಿಗಳ ಶುಶ್ರೂಷೆ, ಕಂಪ್ಯೂಟರ್, ವಿದ್ಯುತ್ ಕೆಲಸ, ಶೀತಲೀಕರಣ ಯಂತ್ರಗಳ ದುರಸ್ತಿ. ಇವುಗಳ ಜೊತೆಗೆ "ಜೀವನ ಕೌಶಲ" ಎಂಬೊಂದು ಪಾಠ. ಸಂದರ್ಶನದಲ್ಲಿ ಹೇಗೆ ಕೂರಬೇಕು, ಗಿರಾಕಿಯೊಡನೆ ಹೇಗೆ ಮಾತಾಡಬೇಕು, ಸಮಯಪಾಲನೆ, ಆತ್ಮವಿಶ್ವಾಸ. ಒಳ್ಳೆಯದೇ. ಆದರೆ ಇವೆಲ್ಲವೂ ಇರುವ ವ್ಯವಸ್ಥೆಗೆ ಹೊಂದಿಕೊಳ್ಳುವ ಪಾಠಗಳು. ಆ ವ್ಯವಸ್ಥೆ ಹೇಗೆ ಬಂತು, ಅದು ನ್ಯಾಯವೇ, ಅದನ್ನು ಬದಲಿಸಿದವರು ಯಾರಾದರೂ ಇದ್ದರೇ ಎಂದು ಕೇಳುವ ಪಾಠ ಎಲ್ಲಿದೆ? ಒಂದು ಕಥೆ, ಒಂದು ನಾಟಕ, ಸಂವಿಧಾನದ ಒಂದು ಅಧ್ಯಾಯ, ತರ್ಕದ ಒಂದು ಗಂಟೆ ಎಲ್ಲಿದೆ? ಸರ್ಕಾರದ ಮಾರ್ಗಸೂಚಿಗಳಲ್ಲಿ ಕೌಶಲದ ಜೊತೆಗೆ ಸಾಮಾನ್ಯ ಶಿಕ್ಷಣಕ್ಕೂ ಒಂದು ಪಾಲು ಮೀಸಲಾಗಿದೆ. ಆ ಪಾಲನ್ನು ಇಂಗ್ಲಿಷ್ ಸಂಭಾಷಣೆಯಿಂದ ತುಂಬಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು.

ಇದರ ಬೆಲೆ ಏನೆಂದು ಒಂದು ಉದಾಹರಣೆಯಿಂದ ಹೇಳುತ್ತೇನೆ. ನನಗೆ ಪರಿಚಯವಿರುವ ಯುವಕನೊಬ್ಬ ಶೀತಲೀಕರಣ ಯಂತ್ರಗಳ ದುರಸ್ತಿಯಲ್ಲಿ ನಿಪುಣ. ಕೋರ್ಸು ಮುಗಿಸಿದ ತಿಂಗಳಲ್ಲೇ ಕೆಲಸ ಸಿಕ್ಕಿತು. ಗುತ್ತಿಗೆದಾರನೊಬ್ಬ ಖಾಲಿ ಕಾಗದಕ್ಕೆ ಸಹಿ ಮಾಡೆಂದ, ಈತ ಮಾಡಿದ. ಮೂರು ವರ್ಷ ಸಂಬಳದಿಂದ ಭವಿಷ್ಯನಿಧಿಯ ಹೆಸರಿನಲ್ಲಿ ಹಣ ಕಡಿತವಾಯಿತು. ಒಂದು ರೂಪಾಯಿಯೂ ಖಾತೆಗೆ ಸೇರಿರಲಿಲ್ಲ. ವಿಷಯ ತಿಳಿದು ನಾನು ಕೇಳಿದೆ: "ಖಾಲಿ ಕಾಗದಕ್ಕೆ ಏಕೆ ಸಹಿ ಹಾಕಿದೆಯಪ್ಪಾ?" ಅವನ ಉತ್ತರ ಇಂದಿಗೂ ನನ್ನ ಕಿವಿಯಲ್ಲಿದೆ. "ಕೇಳಬಹುದು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ ಸರ್." ಅವನಿಗೆ ಓದು ಬರುತ್ತಿತ್ತು, ಬುದ್ಧಿಯಿತ್ತು, ಇಂಗ್ಲಿಷಿನಲ್ಲಿ ಗಿರಾಕಿಗೆ "ಗುಡ್ ಮಾರ್ನಿಂಗ್" ಹೇಳಲು ಬರುತ್ತಿತ್ತು. ತನ್ನನ್ನು ತಾನು ಪ್ರಶ್ನೆ ಕೇಳಬಹುದಾದ ಮನುಷ್ಯನೆಂದು ತಿಳಿಯುವ ವಿದ್ಯೆಯೊಂದು ಬಾಕಿಯಿತ್ತು. ಅದನ್ನು ಕೊಡಬೇಕಾದವರು ನಾವಾಗಿದ್ದೆವು.

ಇಲ್ಲಿ ನನಗೆ ನ್ಯೂಯಾರ್ಕಿನ ಲೇಖಕ ಅರ್ಲ್ ಶೋರಿಸ್ ನೆನಪಾಗುತ್ತಾರೆ. ಬಡತನದ ಬಗ್ಗೆ ಪುಸ್ತಕ ಬರೆಯಲು ಹೊರಟ ಅವರು ಜೈಲಿನಲ್ಲಿದ್ದ ಮಹಿಳೆಯೊಬ್ಬಳನ್ನು ಕಂಡು, ಜನ ಬಡವರಾಗಿ ಉಳಿಯುವುದೇಕೆಂದು ಕೇಳಿದರು. ಆಕೆ ಹಣದ ಮಾತು ತೆಗೆಯಲಿಲ್ಲ. ಉಳ್ಳವರ ಮಕ್ಕಳನ್ನು ನಾಟಕ, ಸಂಗೀತ ಕಛೇರಿ, ವಸ್ತುಸಂಗ್ರಹಾಲಯ, ಉಪನ್ಯಾಸಗಳಿಗೆ ಕರೆದೊಯ್ಯುವಂತೆ ತಮ್ಮ ಮಕ್ಕಳನ್ನೂ ಕರೆದೊಯ್ಯಬೇಕೆಂಬುದು ಆಕೆಯ ಉತ್ತರದ ಸಾರ. ಆ ಮಾತನ್ನು ಹಿಡಿದು ಶೋರಿಸ್ 1995ರಲ್ಲಿ ನ್ಯೂಯಾರ್ಕಿನ ಬಡವರಿಗಾಗಿ ಒಂದು ಮಾನವಿಕ ತರಗತಿ ತೆರೆದರು. ನೆಲೆಯಿಲ್ಲದವರು, ಜೈಲಿನಿಂದ ಬಂದವರು, ಕೆಲಸವಿಲ್ಲದವರು ಅಲ್ಲಿ ತತ್ತ್ವಶಾಸ್ತ್ರ, ಸಾಹಿತ್ಯ, ಕಲೆ, ಇತಿಹಾಸ, ತರ್ಕ ಓದಿದರು. ಶುಲ್ಕವಿರಲಿಲ್ಲ, ಪುಸ್ತಕವೂ ಬಸ್ಸಿನ ದುಡ್ಡೂ ಅವರಿಂದಲೇ. ಕ್ಲೆಮೆಂಟೆ ಕೋರ್ಸ್ ಎಂಬ ಹೆಸರಿನ ಆ ತರಗತಿ ಅನಂತರ ಅನೇಕ ಊರುಗಳಿಗೂ ಬೇರೆ ದೇಶಗಳಿಗೂ ಹರಡಿತು. ಹಸಿದವನಿಗೆ ಸಾಕ್ರೆಟಿಸ್ ಏಕೆ ಎಂದು ಕೇಳಿದವರು ಅಲ್ಲಿಯೂ ಇದ್ದರು. ಸಾಕ್ರೆಟಿಸ್ ಸ್ವತಃ ಕಲ್ಲುಕುಟಿಗನ ಮಗನೆಂಬುದನ್ನು ಅವರು ಮರೆತಿದ್ದಿರಬೇಕು.

ನಿಮ್ಮ ಮನಸ್ಸಿನಲ್ಲಿ ಏಳುತ್ತಿರುವ ಆಕ್ಷೇಪಣೆಗಳು ನನಗೆ ಗೊತ್ತು. ಮೊದಲನೆಯದು: "ಮೊದಲು ಅನ್ನ, ಆಮೇಲೆ ಅಕ್ಷರ." ಒಪ್ಪಿದೆ. ಕಸುಬು ಕಲಿಸುವುದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಅನ್ನ ಸಿಕ್ಕ ಮೇಲೆ ಆ "ಆಮೇಲೆ" ಎಂಬುದು ಯಾವಾಗ ಬಂತು, ಹೇಳಿ. ಆರು ತಿಂಗಳ ಕೋರ್ಸು ಮುಗಿದು ಕೆಲಸಕ್ಕೆ ಸೇರಿದವರನ್ನು ಯಾವ ಧರ್ಮಕೇಂದ್ರ ಮತ್ತೆ ಕರೆದು, "ಬಾ ಮಗಳೇ, ಈಗ ಇತಿಹಾಸ ಓದು" ಎಂದಿದೆ? ಆ "ಆಮೇಲೆ" ಬಡವರ ಪಾಲಿಗೆ ಬರುವುದೇ ಇಲ್ಲ. ಆದುದರಿಂದ ಎರಡೂ ಒಟ್ಟಿಗೆ ಬರಬೇಕು.

ಎರಡನೆಯದು: "ಕಲಾ ವಿಭಾಗ ಓದಿದರೆ ಕೆಲಸವಿಲ್ಲ." ಕೇವಲ ಪ್ರಮಾಣಪತ್ರ ಹಿಡಿದವನಿಗೆ ಕೆಲಸವಿಲ್ಲವೆಂಬುದು ನಿಜ, ಆ ಮಾತು ಇಂಜಿನಿಯರಿಂಗ್ ಓದಿದವರಿಗೂ ಅನ್ವಯಿಸುತ್ತಿರುವುದನ್ನು ನಮ್ಮ ಬೀದಿಗಳಲ್ಲೇ ಕಾಣುತ್ತಿದ್ದೇವೆ. ಸಾಲ ಮಾಡಿ ಇಂಜಿನಿಯರಿಂಗ್ ಮುಗಿಸಿ, ಆ ಓದಿಗೆ ಸಂಬಂಧವಿಲ್ಲದ ಕೆಲಸದಲ್ಲಿರುವವರು ನಿಮ್ಮ ಬಂಧುಬಳಗದಲ್ಲಿ ಎಷ್ಟು ಮಂದಿ? ಅತ್ತ ಆಡಳಿತ ಸೇವೆಯ ಪರೀಕ್ಷೆಗಳು, ವಕೀಲಿ, ಅಧ್ಯಾಪನ, ಪತ್ರಿಕೋದ್ಯಮ, ಅನುವಾದ, ಸಮಾಜಸೇವೆ ಇವೆಲ್ಲವೂ ಇತಿಹಾಸ, ರಾಜ್ಯಶಾಸ್ತ್ರ, ಭಾಷೆ ಬಲ್ಲವರನ್ನೇ ಬೇಡುತ್ತವೆ. ಈ ಕ್ಷೇತ್ರಗಳಲ್ಲಿ ನಮ್ಮವರು ಕಾಣುವುದಿಲ್ಲವೆಂದು ಸಭೆ ಸೇರಿದಾಗಲೆಲ್ಲ ನಾವು ಕೊರಗುತ್ತೇವೆ. ಹುಟ್ಟುವ ಮೊದಲೇ ಆಸೆಯನ್ನು ಚಿವುಟಿದವರು ನಾವೇ ಅಲ್ಲವೇ?

ಮೂರನೆಯದು ಇನ್ನೂ ಗಟ್ಟಿಯಾದ ಆಕ್ಷೇಪಣೆ. "ನೀವು ಹೊಗಳುವ ಅಮೆರಿಕದಲ್ಲೇ ಆ ವ್ಯವಸ್ಥೆ ಸೋತಿದೆಯಲ್ಲ?" ಇದನ್ನು ಮುಚ್ಚಿಡುವುದು ಸರಿಯಲ್ಲ. ಅಲ್ಲಿ ಸಮುದಾಯ ಕಾಲೇಜಿಗೆ ಸೇರುವವರಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ವಿಶ್ವವಿದ್ಯಾಲಯಕ್ಕೆ ವರ್ಗವಾಗುತ್ತಾರೆ. ಆರು ವರ್ಷಗಳೊಳಗೆ ಪೂರ್ಣ ಪದವಿ ಪಡೆಯುವವರು ನೂರಕ್ಕೆ ಸುಮಾರು 16 ಮಂದಿ. ಒಂದು ಕಾಲೇಜಿನಲ್ಲಿ ಗಳಿಸಿದ ಕ್ರೆಡಿಟ್‌ಗಳಲ್ಲಿ ಅಂದಾಜು 43 ಪ್ರತಿಶತ ವರ್ಗಾವಣೆಯ ಹೊತ್ತಿಗೆ ಲೆಕ್ಕಕ್ಕೆ ಬಾರದೆ ಹೋಗುತ್ತವೆಂದು 2017ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ವರದಿ ಮಾಡಿತು. ಈ ಕಾಲೇಜುಗಳು ಬಡವರ ಆಸೆಯನ್ನು ಮೆಲ್ಲನೆ ತಣ್ಣಗಾಗಿಸುವ ಕೆಲಸ ಮಾಡುತ್ತವೆಂದು ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ 1960ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದರು. ಎಲ್ಲ ವಿಷಯಗಳನ್ನೂ ಹೋಟೆಲಿನ ತಿಂಡಿಪಟ್ಟಿಯಂತೆ ಮುಂದಿಟ್ಟು, ಮನೆಯಲ್ಲಿ ಕೇಳಿ ತಿಳಿಯಲು ಓದಿದವರೊಬ್ಬರೂ ಇಲ್ಲದ ಮಗುವಿಗೆ "ನೀನೇ ಆರಿಸಿಕೋ" ಎಂದರೆ ಅದು ದಾರಿ ತಪ್ಪುವುದು ಸಹಜ.

ಹಾಗಾದರೆ ತಪ್ಪು ವಿಷಯದ್ದೋ, ಆಸರೆ ಇಲ್ಲದ್ದೋ? ನ್ಯೂಯಾರ್ಕಿನ ನಗರ ವಿಶ್ವವಿದ್ಯಾಲಯ 2007ರಲ್ಲಿ ತನ್ನ ಸಮುದಾಯ ಕಾಲೇಜುಗಳಲ್ಲಿ ಒಂದು ಯೋಜನೆ ಆರಂಭಿಸಿತು. ವಿದ್ಯಾರ್ಥಿಗೆ ತನ್ನವನೇ ಆದ ಸಲಹೆಗಾರ, ಪಠ್ಯಪುಸ್ತಕದ ನೆರವು, ಪ್ರಯಾಣದ ಪಾಸು, ಉಳಿದ ಶುಲ್ಕದ ಮನ್ನಾ, ಪೂರ್ಣಕಾಲ ಓದಬೇಕೆಂಬ ಕಟ್ಟುಪಾಡು. ಇಷ್ಟೇ. ಚೀಟಿ ಎತ್ತಿ ಎರಡು ಗುಂಪು ಮಾಡಿ ಹೋಲಿಸಿದಾಗ ಮೂರು ವರ್ಷಗಳಲ್ಲಿ ಪದವಿ ಮುಗಿಸಿದವರು ಸಾಮಾನ್ಯ ಗುಂಪಿನಲ್ಲಿ ನೂರಕ್ಕೆ 22, ಆಸರೆ ಪಡೆದ ಗುಂಪಿನಲ್ಲಿ ನೂರಕ್ಕೆ 40. ಪಠ್ಯ ಅದೇ, ಮಕ್ಕಳ ಬಡತನವೂ ಅದೇ. ಜೊತೆಗೆ ನಡೆಯುವವರೊಬ್ಬರು ಇದ್ದರು ಎಂಬುದೇ ವ್ಯತ್ಯಾಸ. ಪ್ರಿಯ ಓದುಗರೇ, ಜೊತೆಗೆ ನಡೆಯುವುದಕ್ಕೆ ನಮಗೆ ಯಾವ ಅಮೆರಿಕದ ಹಣವೂ ಬೇಕಿಲ್ಲ. ಒಂದು ಧರ್ಮಕೇಂದ್ರ ಇರುವುದಾದರೂ ಮತ್ತೇಕೆ?

ಇದು ನಮಗೆ ಹೊಸತೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರನ್ನು ನೆನೆಯಿರಿ. ಬದುಕಿನ ಆಧಾರ ಕಳೆದುಕೊಂಡವರಿಗೆ ಕೆಲಸ ಬೇಕೆಂದು ನೇಯ್ಗೆಯ ಶಾಲೆ ತೆರೆದರು, 1865ರಲ್ಲಿ ಹೆಂಚಿನ ಕಾರ್ಖಾನೆ ಸ್ಥಾಪಿಸಿದರು. ಹೆಂಚು ಸುಡುವುದನ್ನು ಕಲಿಸಿ ಅಷ್ಟಕ್ಕೇ ನಿಂತರೇ? ಅದೇ ಮಿಷನ್ನು ಶಾಲೆಗಳನ್ನು ತೆರೆಯಿತು, ಮುದ್ರಣಾಲಯ ನಡೆಸಿತು. 1843ರಲ್ಲಿ ಮೋಗ್ಲಿಂಗ್ ಅವರ "ಮಂಗಳೂರ ಸಮಾಚಾರ" ಹೊರಬಂದದ್ದು, 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಅಚ್ಚಾದದ್ದು ಅವರಿಂದಲೇ. ನಮ್ಮ ಯೇಸುಸಭೆಯವರು 1880ರಲ್ಲಿ ಅದೇ ಊರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಕಟ್ಟಿದಾಗ ಭಾಷೆ, ಸಾಹಿತ್ಯ, ತರ್ಕಗಳ ಶಿಕ್ಷಣ ಅವರ ಸಭೆಗೆ ಮುನ್ನೂರು ವರ್ಷಗಳ ಪರಂಪರೆಯಾಗಿತ್ತು. ಕಳೆದ 2025ರ ನವೆಂಬರ್ 1ರಂದು ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಸಂತ ಜಾನ್ ಹೆನ್ರಿ ನ್ಯೂಮನ್ ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಸಂತ ತೋಮಸ್ ಅಕ್ವಿನಾಸರೊಡನೆ ಶಿಕ್ಷಣಕ್ಕೆ ಸಹಪಾಲಕರೆಂದೂ ಸಾರಿದರು. ಜ್ಞಾನವನ್ನು ಅದರ ಉಪಯೋಗದಿಂದ ಮಾತ್ರ ಅಳೆಯಬಾರದೆಂದು 1852ರಲ್ಲಿ ಡಬ್ಲಿನ್ನಿನಲ್ಲಿ ಉಪನ್ಯಾಸ ಮಾಡಿದವರು ಅವರು. ನ್ಯೂಮನ್ನರ ಚಿತ್ರವನ್ನು ಶಾಲೆಯ ಗೋಡೆಗೆ ತೂಗುಹಾಕಿ, ಅದರ ಕೆಳಗೆ ಕುಳಿತು "ಇತಿಹಾಸ ಓದಿ ಏನು ಪ್ರಯೋಜನ?" ಎಂದು ಕೇಳುವುದು ನಮಗೆ ಶೋಭೆಯಲ್ಲ. ನಮ್ಮ ಸಿರಿವಂತರ ಮಕ್ಕಳ ಶಾಲೆಗಳಲ್ಲಿ ನಾಟಕವಿದೆ, ಚರ್ಚಾಸ್ಪರ್ಧೆಯಿದೆ, ಗ್ರಂಥಾಲಯವಿದೆ. ಅದೇ ಆವರಣದ ಹಿಂಬದಿಯ ಸಮುದಾಯ ಕಾಲೇಜಿನಲ್ಲಿ ಹೊಲಿಗೆ ಯಂತ್ರ ಮಾತ್ರ ಇದೆ. ಒಂದೇ ಆವರಣದಲ್ಲಿ ಎರಡು ಬಗೆಯ ಮನುಷ್ಯರನ್ನು ನಾವೇ ತಯಾರಿಸುತ್ತಿಲ್ಲವೇ?

ಏನು ಮಾಡಬೇಕು? ಕೈಲಾಗುವುದನ್ನೇ ಹೇಳುತ್ತೇನೆ. ನಮ್ಮ ಸಂಸ್ಥೆಗಳು ನಡೆಸುವ ಪ್ರತಿಯೊಂದು ಕಸುಬಿನ ಕೋರ್ಸಿನಲ್ಲೂ ವಾರಕ್ಕೆ ನಾಲ್ಕು ಗಂಟೆ ಸಾಮಾನ್ಯ ಅಧ್ಯಯನವಿರಲಿ: ಒಂದು ಗಂಟೆ ನಾಡಿನ ಇತಿಹಾಸ, ಒಂದು ಗಂಟೆ ಸಂವಿಧಾನ ಮತ್ತು ಕಾರ್ಮಿಕರ ಹಕ್ಕುಗಳು, ಒಂದು ಗಂಟೆ ಕನ್ನಡ ಸಾಹಿತ್ಯ, ಒಂದು ಗಂಟೆ ತರ್ಕಬದ್ಧವಾಗಿ ಮಾತಾಡುವ, ಬರೆಯುವ ಅಭ್ಯಾಸ. ಮಕ್ಕಳ ಮಾತೃಭಾಷೆಯಲ್ಲೋ ಕನ್ನಡದಲ್ಲೋ ಕಲಿಸಿ. ಇಂಗ್ಲಿಷ್ ಬಾರದೆಂಬ ಕಾರಣಕ್ಕೆ ಚಿಂತನೆಯನ್ನು ತಡೆಯಬೇಡಿ. ಬೋಧಿಸಲು ಜನವೆಲ್ಲಿ ಎನ್ನುವಿರಾ? ನನ್ನಂಥ ನಿವೃತ್ತ ಅಧ್ಯಾಪಕರು ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ, ಕರೆದರೆ ಬರುತ್ತಾರೆ. ಕೋರ್ಸು ಮುಗಿದವರಿಗೆ ಮುಂದಿನ ದಾರಿ ತೋರಿಸಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ, ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯವಿದೆ. ದುಡಿಯುತ್ತಲೇ ಪದವಿ ಓದಬಹುದು. ಅರ್ಜಿ ತುಂಬಲು, ಶುಲ್ಕ ಕಟ್ಟಲು, ಪರೀಕ್ಷೆಯ ಹಿಂದಿನ ವಾರ ಮನೆಯ ಗದ್ದಲದಿಂದ ದೂರ ಕುಳಿತು ಓದಲು ಧರ್ಮಕೇಂದ್ರದ ಒಂದು ಕೋಣೆಯನ್ನು ಬಿಟ್ಟುಕೊಡಿ. ಮದುವೆಯ ಔತಣಕ್ಕೆ ತೆರೆಯುವ ಸಭಾಂಗಣ ವಾರದಲ್ಲಿ ಮೂರು ಸಂಜೆ ಓದಿಗೂ ತೆರೆಯಲಿ.

ತಂದೆತಾಯಿಯರಲ್ಲಿ ಒಂದು ಬಿನ್ನಹ. ಮಗಳು ಕಲಾ ವಿಭಾಗ ಸೇರುತ್ತೇನೆಂದಾಗ ನೆಂಟರ ಮುಂದೆ ದನಿ ತಗ್ಗಿಸಬೇಡಿ. ಮಗ ಕಸುಬು ಕಲಿಯುತ್ತಿದ್ದಾನೆಂದಾಗಲೂ ತಗ್ಗಿಸಬೇಡಿ. ವಿದ್ಯುತ್ ಕೆಲಸ ಬಲ್ಲವನು ಕಾದಂಬರಿ ಓದಬಾರದೆಂದು, ರೋಗಿಗಳ ಶುಶ್ರೂಷೆ ಮಾಡುವವಳು ಅರ್ಥಶಾಸ್ತ್ರ ತಿಳಿಯಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ನಾಜರೇತಿನ ಬಡಗಿಯ ಮನೆಯಲ್ಲಿ ಬೆಳೆದ ಬಾಲಕ ಹನ್ನೆರಡನೆಯ ವಯಸ್ಸಿನಲ್ಲಿ ದೇವಾಲಯದ ಬೋಧಕರ ನಡುವೆ ಕುಳಿತು ಆಲಿಸುತ್ತಾ ಪ್ರಶ್ನೆ ಕೇಳುತ್ತಿದ್ದನೆಂಬುದನ್ನು ವರ್ಷ ವರ್ಷವೂ ಕೇಳುತ್ತೇವೆ. ಬಡಗಿಯ ಮಗನಿಗೆ ಉಳಿ ಸಾಕೆಂದು ಅಲ್ಲಿ ಯಾರೂ ಅವನನ್ನು ಎಬ್ಬಿಸಿ ಕಳುಹಿಸಲಿಲ್ಲ.

ಕಡೆಯದಾಗಿ ಆ ಹುಡುಗಿಯ ವಿಷಯ. ಆಕೆ ಕಂಪ್ಯೂಟರ್ ಲೆಕ್ಕಪತ್ರದ ಕೋರ್ಸು ಮುಗಿಸಿ ಈಗ ಒಂದು ಬಟ್ಟೆಯಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಳೆ. ತಮ್ಮನ ಓದಿನ ಖರ್ಚು ಅವಳದೇ. ಕಳೆದ ನವೆಂಬರಿನಲ್ಲಿ ಸಕಲ ಮೃತರ ಸ್ಮರಣೆಯ ದಿನ ಸಮಾಧಿಭೂಮಿಯಲ್ಲಿ ಮೇಣದಬತ್ತಿ ಹಚ್ಚಿ ಹಿಂದಿರುಗುವಾಗ ಆಕೆ ನನ್ನ ಬಳಿಗೆ ಬಂದಳು. ಮೂಲೆಯಲ್ಲಿದ್ದ ಹಳೆಯ ಸಮಾಧಿ ಕಲ್ಲನ್ನು ತೋರಿಸಿ, "ಸರ್, ಇದರ ಮೇಲೆ ಒಂದೇ ವರ್ಷದಲ್ಲಿ ಸತ್ತ ಐದು ಮಂದಿಯ ಹೆಸರಿದೆ. ಒಂದೇ ಮನೆಯವರಂತೆ ಕಾಣುತ್ತದೆ. ಆ ವರ್ಷ ಊರಿನಲ್ಲಿ ಏನಾಗಿತ್ತು? ಅದನ್ನು ತಿಳಿಯಬೇಕಾದರೆ ಎಲ್ಲಿ ನೋಡಬೇಕು?" ಎಂದಳು. ಮೂವತ್ತು ವರ್ಷಗಳಲ್ಲಿ ಇಂಥ ಪ್ರಶ್ನೆಯನ್ನು ನನಗೆ ಕೇಳಿದ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಧರ್ಮಕೇಂದ್ರದ ಮರಣ ದಾಖಲೆಯ ಪುಸ್ತಕದಿಂದ ಆರಂಭಿಸು ಎಂದೆ. ಗುರುಗಳ ಅನುಮತಿ ಪಡೆದು ಈಗ ಪ್ರತಿ ಭಾನುವಾರ ಒಂದು ಗಂಟೆ ಇಬ್ಬರೂ ಆ ಪುಸ್ತಕದ ಮುಂದೆ ಕೂರುತ್ತಿದ್ದೇವೆ. ಮುಕ್ತ ವಿಶ್ವವಿದ್ಯಾಲಯದ ಅರ್ಜಿಯೂ ಸಿದ್ಧವಾಗಿದೆ.

ಬರುವ ಮೇ ತಿಂಗಳಲ್ಲಿ ಮತ್ತೆ ಮಾರ್ಗದರ್ಶನ ಸಭೆ ನಡೆಯುತ್ತದೆ. ಮತ್ತೊಬ್ಬ ಕೂಲಿಯವರ ಮಗಳು ಎದ್ದು ನಿಂತು ತನ್ನ ಆಸೆಯನ್ನು ಹೇಳಿಯಾಳು. ಆಗ ಆಕೆಯನ್ನು ಕೂರಿಸಬೇಡಿ. ಈ ಸಲ ನಾನಂತೂ ಎದ್ದು ಮಾತಾಡುತ್ತೇನೆ. ನಿಮ್ಮ ಧರ್ಮಕೇಂದ್ರದಲ್ಲಿ ಆ ಮಾತನ್ನು ನೀವು ಆಡಿ.